ಕಡಲಾಚೆ ಮಡಿದವರ ಹೆಸರು: ಹುಡುಕುವುದು ಹೇಗೆ, ಕೊರೆಸುವುದು ಹೇಗೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಂಚಿಕೆಯ ಪತ್ರಗಳೆಲ್ಲ ಕೊಡಗಿನವು. ಹೊರದೇಶದಲ್ಲಿ ಸೇವೆಯಲ್ಲಿದ್ದಾಗ ಸತ್ತ ಮನೆಯ ಹುಡುಗನಿಗೆ ಊರಲ್ಲಿ ಒಂದು ಗುರುತು ಬೇಕೆಂಬುದು ಎಲ್ಲರ ಆಸೆ. ಹೆಚ್ಚಿನವರು ಕಲ್ಲಿನಿಂದ ಶುರು ಮಾಡುತ್ತಾರೆ. ದಾಖಲೆಯಿಂದ ಶುರು ಮಾಡಿ ಎನ್ನುತ್ತೇವೆ ನಾವು. ಕೊರೆದ ಕಲ್ಲನ್ನು ತಿದ್ದಲಾಗದು.

ಅಜ್ಜನ ಅಣ್ಣ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋದವರು ಬರಲೇ ಇಲ್ಲ. ಆಗ ಅವರಿಗೆ 22 ವರ್ಷವಂತೆ. ಒಂದು ಫೋಟೋ ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ. ಸಮಾಧಿ ಎಲ್ಲಿದೆ ಎಂದು ತಿಳಿಯುವುದು ಹೇಗೆ? (ನಾಪೋಕ್ಲು)

ಸಮಾಧಿಯೇ ಸಿಗುತ್ತದೆ ಎಂದು ನಂಬಿ ಹೊರಡಬೇಡಿ. ಹಿಂದೂ, ಸಿಖ್ ಸೈನಿಕರನ್ನು ಆದಷ್ಟೂ ಸುಡುತ್ತಿದ್ದರು. ಹಾಗಾಗಿ ಅವರ ಹೆಸರು ಇರುವುದು ಸಮಾಧಿಯ ಮೇಲಲ್ಲ, ದಹನ ಸ್ಮಾರಕದ ಗೋಡೆಯ ಮೇಲೆ. ದೇಹವೇ ಸಿಗದವರ ಹೆಸರು ಇನ್ನೊಂದು ಬಗೆಯ ಸ್ಮಾರಕದಲ್ಲಿರುತ್ತದೆ. ಬರ್ಮಾದ ಮಟ್ಟಿಗೆ ಅದು ಯಾಂಗೋನ್ ಹೊರವಲಯದ ತೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕ. ಅದರಲ್ಲಿ ಸುಮಾರು 27,000 ಹೆಸರುಗಳಿವೆ. ‘ಬರ್ಮಾ ಯುದ್ಧ’ ಎಂದು ಮನೆಯಲ್ಲಿ ಹೇಳಿದ ಮಾತ್ರಕ್ಕೆ ಹೆಸರು ಬರ್ಮಾದಲ್ಲೇ ಇರಬೇಕೆಂದಿಲ್ಲ. 1944ರ ಹೋರಾಟ ನಮ್ಮ ಗಡಿಯೊಳಗೂ ನಡೆಯಿತು. ಇಂಫಾಲದ ದಹನ ಸ್ಮಾರಕದಲ್ಲಿ 868, ಕೊಹಿಮಾದ ದಹನ ಸ್ಮಾರಕದಲ್ಲಿ 917 ಹೆಸರುಗಳಿವೆ. ಅಲ್ಲಿಗೆ ಹೋಗಲು ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ.

ಹುಡುಕಬೇಕಾದ ಜಾಗ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ. 1917ರಲ್ಲಿ ಹುಟ್ಟಿದ ಈ ಸಂಸ್ಥೆ ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಮಂದಿಯ ಹೆಸರು ಇಟ್ಟುಕೊಂಡಿದೆ. ನೋಡಲು ದುಡ್ಡು ಕೊಡಬೇಕಿಲ್ಲ. ತೊಡಕು ಬರುವುದು ಕಾಗುಣಿತದಲ್ಲಿ. ದಂಡಿನ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಹೆಸರುಗಳಿವು. ಮಾಚಯ್ಯ ಎಂಬ ಒಂದೇ ಹೆಸರಿನ ಕೊನೆ ‘ಐ-ಎ-ಎಚ್’ ಆಗಿರಬಹುದು, ಬರೀ ‘ಐ-ಎ’ ಆಗಿರಬಹುದು, ‘ವೈ-ವೈ-ಎ’ ಆಗಿರಬಹುದು. ಕಾರಿಯಪ್ಪನನ್ನು ಸಿ ಅಕ್ಷರದಲ್ಲೂ ಕೆ ಅಕ್ಷರದಲ್ಲೂ ನೋಡಬೇಕು. ಪೂಣಚ್ಚನಿಗೆ ಒಂದು ಕಡೆ ಎರಡು ಓ, ಇನ್ನೊಂದು ಕಡೆ ಒಂದು ಯು. ಬೆಳ್ಯಪ್ಪನಿಗೆ ಎಲ್ ಒಂದೋ ಎರಡೋ! ಆದ್ದರಿಂದ ಪೂರ್ತಿ ಹೆಸರು ಟೈಪ್ ಮಾಡಬೇಡಿ. ಮೊದಲ ಮೂರು ನಾಲ್ಕು ಅಕ್ಷರ ಹಾಕಿ, ‘ಭಾರತೀಯ ಸೇನೆ’ ಮತ್ತು ‘ಎರಡನೇ ಮಹಾಯುದ್ಧ’ ಎಂಬ ಸೋಸುಗಳನ್ನು (ಫಿಲ್ಟರ್) ಆರಿಸಿ, ಬಂದ ಪಟ್ಟಿಯನ್ನು ಕಣ್ಣಿನಿಂದಲೇ ಜಾಲಿಸಿ.

ಒಕ್ಕದ (ಕೊಡವ ಮನೆತನದ) ಹೆಸರಿನಿಂದ ಹುಡುಕಿದರೆ ಬಹಳ ಸಲ ಏನೂ ಸಿಗುವುದಿಲ್ಲ. ಒಕ್ಕದ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಎಂಬ ನಮ್ಮ ಕ್ರಮ ಅವರಿಗೆ ಗೊತ್ತಿರಲಿಲ್ಲ. ಕೊನೆಯಲ್ಲಿ ಬಂದದ್ದನ್ನೇ ಮನೆತನದ ಹೆಸರೆಂದು ಬರೆದುಕೊಂಡು ಉಳಿದದ್ದನ್ನು ಬಿಟ್ಟಿದ್ದಾರೆ. ಇನ್ನೊಂದು ದಾರಿ ‘ಹೆಚ್ಚಿನ ಮಾಹಿತಿ’ ಎಂಬ ಖಾನೆ. ಅಪ್ಪನ ಹೆಸರು, ಊರು, ಜಿಲ್ಲೆ ಅಲ್ಲಿರುತ್ತವೆ. ಅದರಲ್ಲಿ ‘ಕೂರ್ಗ್’ ಎಂದು ಹಾಕಿ. ಮಡಿಕೇರಿಯನ್ನು ‘ಮರ್ಕೆರಾ’ ಎಂದೂ ಕುಶಾಲನಗರವನ್ನು ‘ಫ್ರೇಸರ್‌ಪೇಟ್’ ಎಂದೂ ಹುಡುಕಿ. ಕಿಗ್ಗಟ್ಟುನಾಡು, ಪಾಡಿನಾಲ್ಕುನಾಡು, ಯೆಡೆನಾಲ್ಕುನಾಡು, ನಂಜರಾಯಪಟ್ಟಣ ಎಂಬ ಹಳೆಯ ತಾಲ್ಲೂಕು ಹೆಸರುಗಳನ್ನೂ ಬಿಡಬೇಡಿ. ನಾಪೋಕ್ಲಿನವರಿಗೆ ಪಾಡಿನಾಲ್ಕುನಾಡೇ ಮೊದಲ ಊಹೆಯಾಗಲಿ.

ರೆಜಿಮೆಂಟ್ ಗೊತ್ತಿಲ್ಲದಿದ್ದರೆ ಕೂರ್ಗ್ ಹೆಸರಿನ ಪಡೆಯನ್ನಷ್ಟೇ ನೋಡಿ ನಿಲ್ಲಿಸಬಾರದು. ಕೂರ್ಗ್ ಬೆಟಾಲಿಯನ್ ಕಟ್ಟಿದ್ದೇ 1942ರಲ್ಲಿ, ಯುದ್ಧ ಮುಗಿದ ಮೇಲೆ ಅದು ಫಿರಂಗಿ ದಳವಾಯಿತು. ಕೊಡಗಿನ ಹುಡುಗರು ಮದ್ರಾಸ್ ಸ್ಯಾಪರ್ಸ್ (ಎಂಜಿನಿಯರ್ ದಳ), ಮದ್ರಾಸ್ ರೆಜಿಮೆಂಟ್, ಸಿಗ್ನಲ್ಸ್, ಸರ್ವಿಸ್ ಕೋರ್, ಆಸ್ಪತ್ರೆ ದಳ ಎಲ್ಲದರಲ್ಲೂ ಇದ್ದರು. ಸೇವಾ ಸಂಖ್ಯೆಯೊಂದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಹಳೆಯ ಪಿಂಚಣಿ ಪುಸ್ತಕ, ಮನಿಯಾರ್ಡರ್ ಚೂರು, ಪದಕದ ಅಂಚು, ಫೋಟೋ ಹಿಂಬದಿ ಇವನ್ನೆಲ್ಲ ನೋಡಿ. ಫೋಟೋದಲ್ಲಿ ಭುಜದ ಮೇಲಿನ ಹಿತ್ತಾಳೆ ಅಕ್ಷರ, ಟೋಪಿಯ ಬ್ಯಾಡ್ಜ್ ಕಂಡರೆ ಆ ಭಾಗವನ್ನಷ್ಟೇ 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ.

ಹೆಸರು ಸಿಕ್ಕಿದ ಮೇಲೆ ಸ್ಮಾರಕದ ಹೆಸರು, ಫಲಕದ ಸಂಖ್ಯೆ, ಸಾಲು ಬರೆದುಕೊಳ್ಳಿ. ಆ ಪುಟದಿಂದಲೇ ಸ್ಮರಣ ಪತ್ರವೊಂದನ್ನು ಇಳಿಸಿಕೊಂಡು ಮುದ್ರಿಸಬಹುದು. ಹೆಸರಿನ ಕಾಗುಣಿತ ತಪ್ಪಿದ್ದರೆ ತಿದ್ದಿಸಲೂ ಬರುತ್ತದೆ, ಆದರೆ ಅವರು ಕೇಳುವುದು ಆ ಕಾಲದ ಕಾಗದ. ಮನೆಯವರ ಮಾತನ್ನಷ್ಟೇ ನಂಬಿ ತಿದ್ದುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಬಸ್ರಾದಲ್ಲಿ ಸತ್ತ ಹಿರಿಯರೊಬ್ಬರ ಹೆಸರು ಅಲ್ಲಿನ ಗೋಡೆಯ ಮೇಲೆ ಇಲ್ಲ ಎನ್ನುತ್ತಾರೆ. ಜಾಲತಾಣದಲ್ಲಿ ಮಾತ್ರ ಇದೆ. ಯಾವುದು ಸರಿ? (ಶನಿವಾರಸಂತೆ)

ಎರಡೂ ಸರಿ. ಇರಾಕಿನ ಬಸ್ರಾ ಸ್ಮಾರಕ 40,000ಕ್ಕೂ ಮಿಕ್ಕಿದವರಿಗಾಗಿ ಕಟ್ಟಿದ್ದು. ಆದರೆ ಭಾರತೀಯ ಅಧಿಕಾರಿಗಳ ಹೆಸರನ್ನು ಕೊರೆದು, ಸಾಮಾನ್ಯ ಸಿಪಾಯಿಗಳನ್ನು ರೆಜಿಮೆಂಟಿನ ಕೆಳಗೆ ‘ಇಷ್ಟು ಮಂದಿ’ ಎಂದು ಎಣಿಕೆಯಲ್ಲಿ ಮುಗಿಸಿದ್ದರು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ಹಾಗಾಗಲಿಲ್ಲ, 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕಲ್ಲಿನ ಮೇಲೇ ಇದೆ. ಈ ತಾರತಮ್ಯವನ್ನು ಕಮಿಷನ್ 2021ರ ಏಪ್ರಿಲ್‌ನಲ್ಲಿ ತನ್ನದೇ ವರದಿಯಲ್ಲಿ ಒಪ್ಪಿಕೊಂಡಿತು. ನೂರು ವರ್ಷ ತಡವಾಗಿ ಎನ್ನದೆ ವಿಧಿಯಿಲ್ಲ. ಬಸ್ರಾ ಸ್ಮಾರಕವನ್ನೇ 1997ರಲ್ಲಿ ಕಿತ್ತು ನಾಸಿರಿಯಾ ರಸ್ತೆಯಲ್ಲಿ 32 ಕಿ.ಮೀ. ದೂರಕ್ಕೆ ಸಾಗಿಸಿದ್ದಾರೆ. ಹಾಗಾಗಿ ಹಳೆಯ ನಕ್ಷೆ ಹಿಡಿದು ವಿಚಾರಿಸಬೇಡಿ. ನಿಮ್ಮೂರಲ್ಲಿ ಕಲ್ಲು ಹಾಕಿಸುವುದಿದ್ದರೆ, ಈ ಹಿರಿಯರ ಹೆಸರು ಮೊದಲ ಬಾರಿಗೆ ಕಲ್ಲಿನ ಮೇಲೆ ಬರುವುದು ಅದರಲ್ಲೇ ಆದೀತು.

ಚಿಕ್ಕಪ್ಪ 1988ರಲ್ಲಿ ಶ್ರೀಲಂಕಾದಲ್ಲಿ ಶಾಂತಿಪಾಲನಾ ಪಡೆಯಲ್ಲಿದ್ದಾಗ ತೀರಿಕೊಂಡರು. ದೆಹಲಿಯ ಸ್ಮಾರಕದಲ್ಲಿ ಹೆಸರಿದೆಯೇ ಎಂದು ಯಾರನ್ನು ಕೇಳುವುದು? (ಪೊನ್ನಂಪೇಟೆ)

ಇರಬೇಕು. 2019ರ ಫೆಬ್ರವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ 16 ಗೋಡೆಗಳಿವೆ. ಸ್ವಾತಂತ್ರ್ಯಾನಂತರ ಮಡಿದವರ ಹೆಸರನ್ನು ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಹಲಗೆಯ ಹಾಗೆ ಕೂರಿಸಿದ್ದಾರೆ. ಶ್ರೀಲಂಕಾದವರೂ ವಿಶ್ವಸಂಸ್ಥೆಯ ಕೆಲಸಕ್ಕೆ ಹೋದವರೂ ಅದರಲ್ಲಿ ಸೇರುತ್ತಾರೆ. ಕೊಲಂಬೊ ಪಕ್ಕದ ಶ್ರೀ ಜಯವರ್ಧನಪುರ ಕೋಟೆಯಲ್ಲೂ ಆ ಪಡೆಯ ಸುಮಾರು 1,200 ಮಂದಿಯ ಹೆಸರಿರುವ ಸ್ಮಾರಕವಿದೆ.

ಖಚಿತಪಡಿಸಿಕೊಳ್ಳಲು ಮೊದಲು ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಮೂಲ ದಾಖಲೆ ಅವರ ಬಳಿ ಇರುವುದಿಲ್ಲ, ಅದಿರುವುದು ಆಯಾ ದಳದ ರೆಕಾರ್ಡ್ಸ್ ಕಚೇರಿಯಲ್ಲಿ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರು, ಫಿರಂಗಿ ದಳದ್ದು ನಾಸಿಕ್ ರೋಡ್, ಸಿಗ್ನಲ್ಸ್‌ನದು ಜಬಲ್ಪುರ, ಯಂತ್ರ ದುರಸ್ತಿಯ ಇಎಂಇ ದಳದ್ದು ಸಿಕಂದರಾಬಾದ್. ಅರ್ಜಿಯಲ್ಲಿ ಸೇವಾ ಸಂಖ್ಯೆ, ಹುದ್ದೆ, ಹೆಸರು, ಘಟಕ, ತೀರಿಕೊಂಡ ದಿನ ಐದೂ ಇರಲಿ. ನೀವು ಅವರಿಗೆ ಏನಾಗಬೇಕು ಎಂಬುದಕ್ಕೆ ವಂಶವೃಕ್ಷದ ಪ್ರತಿ ಲಗತ್ತಿಸಿ. ‘ನಮ್ಮ ಚಿಕ್ಕಪ್ಪನ ಮಾಹಿತಿ ಕೊಡಿ’ ಎಂದಷ್ಟೇ ಬರೆದ ಕಾಗದ ಮೂಲೆ ಸೇರುತ್ತದೆ. ಬೇಕಾದದ್ದನ್ನು ಬಿಡಿಸಿ ಕೇಳಿ: ಸಾವಿನ ವರದಿಯ ಪ್ರತಿ, ಸ್ಥಳದ ಹೆಸರು, ದೊರೆತ ಪದಕಗಳ ಪಟ್ಟಿ.

ದೆಹಲಿಗೆ ಹೋಗುವುದಾದರೆ ಸಂಜೆಯ ಹೊತ್ತಿಗೆ ಹೋಗಿ. ಮಡಿದವರ ಕುಟುಂಬದವರಿಂದ ಹೂಚಕ್ರ ಇಡಿಸುವ ಕ್ರಮ ಇರುವುದು ಆಗ. ಅದಕ್ಕೆ ಮುಂಚಿತವಾಗಿ ಕೇಳಿಕೊಂಡಿರಬೇಕು.

ನಮ್ಮ ಸಂಘದಿಂದ ಊರ ಜಂಕ್ಷನ್‌ನಲ್ಲಿ ಸ್ಮಾರಕ ಕಲ್ಲು ನಿಲ್ಲಿಸಬೇಕೆಂದಿದ್ದೇವೆ. ಅಳತೆ, ಕಲ್ಲು, ಬರಹ, ಖರ್ಚು ಉಳಿಸುವ ದಾರಿ ತಿಳಿಸಿ. (ಗೋಣಿಕೊಪ್ಪ)

ಜಂಕ್ಷನ್ ಬೇಡ. ಸಾರ್ವಜನಿಕ ರಸ್ತೆ, ಪಾದಚಾರಿ ದಾರಿ, ರಸ್ತೆ ಬದಿಗಳಲ್ಲಿ ಪ್ರತಿಮೆ ಅಥವಾ ಕಟ್ಟಡಕ್ಕೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಹೇಳಿದೆ. ನಾಳೆ ರಸ್ತೆ ಅಗಲವಾದರೆ ಕಲ್ಲು ಎತ್ತಿ ಎಲ್ಲೋ ಒರಗಿಸುತ್ತಾರೆ. ಅವರು ಓದಿದ ಶಾಲೆಯ ಅಂಗಳ, ಸಂಘದ ಸ್ವಂತ ಜಾಗ, ಇಲ್ಲವೇ ಐನ್‌ಮನೆಯ (ಒಕ್ಕದ ಮೂಲ ಮನೆಯ) ದಾರಿ ಒಳ್ಳೆಯದು. ಶಾಲೆಯಾದರೆ ಅದರ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಮತ್ತು ಗ್ರಾಮ ಪಂಚಾಯಿತಿ ಎರಡರ ನಿರ್ಣಯದ ಪ್ರತಿಯೂ ಕೈಯಲ್ಲಿರಲಿ.

ಅಳತೆ: ನೆಲದ ಮೇಲೆ 3 ಅಡಿ, ಕೆಳಗೆ 1 ಅಡಿ, ಅಗಲ 2 ಅಡಿ, ದಪ್ಪ 4 ಇಂಚು. ಕಪ್ಪು ಗ್ರಾನೈಟ್ ಆದರೆ ಇದು 200 ಕೆ.ಜಿ. ಮೀರುತ್ತದೆ. ನಾಲ್ಕು ಜನ ಹೆಗಲು ಕೊಟ್ಟು ನಿಲ್ಲಿಸುವ ಸಾಹಸ ಬೇಡ, ಚೈನ್ ಪುಲ್ಲಿ ತರಿಸಿ. ಗುಂಡಿ 2 ಅಡಿ ಆಳ ಇರಲಿ. ತಳಕ್ಕೆ 6 ಇಂಚು ಜಲ್ಲಿ ಹಾಕಿ ದಮ್ಮಸ್ಸು ಮಾಡಿ, ಅದರ ಮೇಲೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್. ಏಳು ದಿನ ನೀರುಣಿಸಿ. ಈ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಜೂನ್ ಮಳೆಗೆ ಹಸಿ ಅಡಿಪಾಯ ಸಿಕ್ಕಿದರೆ ಮಣ್ಣು ಕುಸಿದು ಕಲ್ಲು ವಾಲುತ್ತದೆ. ಕಲ್ಲಿನ ನೆತ್ತಿಯನ್ನು ಹಿಂದಕ್ಕೆ ಇಳಿಜಾರಾಗಿ ಕೊಯ್ಸಿ, ನೀರು ಬರಹದ ಮೇಲೆ ಹರಿಯದೆ ಹಿಂದೆ ಬೀಳಲಿ. ಮರದ ಕೆಳಗೆ ಬೇಡವೇ ಬೇಡ. ಸಿಲ್ವರ್ ಓಕ್ ಆಗಲಿ ಹಲಸಾಗಲಿ, ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತಲೇ ಇರುತ್ತದೆ, ಎರಡು ವರ್ಷದಲ್ಲಿ ಕಲ್ಲು ಹಸಿರಾಗುತ್ತದೆ.

ಬರಹದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಹಣ ಹಾಳಾಗುವುದು ಇಲ್ಲೇ. ಲೇಸರ್‌ನಲ್ಲಿ ಬರೆಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ಅಗ್ಗವೂ ಹೌದು. ಆದರೆ ಅದು ಕಲ್ಲಿನ ಮೈಯನ್ನು ಗೀರುವುದಷ್ಟೇ, ಪಾಚಿ ಕಟ್ಟಿದ ಮೇಲೆ ಓದಲಾಗದು. ಮರಳು ಊದಿ ಕೊರೆಯುವ ವಿಧಾನದಲ್ಲಿ 3 ಮಿ.ಮೀ. ಆಳ ಸಿಗುತ್ತದೆ. ಅದನ್ನೇ ಕೇಳಿ, ಆಳವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕಲ್ಲಿನ ಮೇಲೆ ರಬ್ಬರ್ ಹಾಳೆ ಅಂಟಿಸಿ, ಅಕ್ಷರದ ಭಾಗವನ್ನಷ್ಟೇ ಕಿತ್ತು, ಅಲ್ಲಿಗೆ ಮರಳು ಊದುತ್ತಾರೆ. ಈಗ ನಮ್ಮ ಹೆಸರುಗಳನ್ನು ನೋಡಿ: ಮಾಚಯ್ಯ, ಬೋಪಣ್ಣ, ಪೂಣಚ್ಚ, ಉತ್ತಪ್ಪ. ಎಲ್ಲದರ ಕೊನೆಯಲ್ಲೂ ಒತ್ತಕ್ಷರ. ಒತ್ತಕ್ಷರದ ಸುರುಳಿಯೊಳಗಿನ ರಬ್ಬರ್ ಚೂರು ಬೇಳೆಯಷ್ಟೂ ದೊಡ್ಡದಿರುವುದಿಲ್ಲ. ಮರಳಿನ ರಭಸಕ್ಕೆ ಅದು ಹಾರಿಹೋದರೆ ಸುರುಳಿ ತುಂಬಿ ಗುಂಡಿಯಾಗುತ್ತದೆ. ‘ಚ್ಚ’ ಎಂದು ಓದಬೇಕಾದ ಕಡೆ ಕಲ್ಲಿನಲ್ಲಿ ಒಂದು ಕುಳಿ ಉಳಿಯುತ್ತದೆ. ಆದ್ದರಿಂದ ಹೆಸರಿನ ಅಕ್ಷರ ಒಂದೂವರೆ ಇಂಚು, ಉಳಿದದ್ದು ಒಂದು ಇಂಚಿಗಿಂತ ಕಡಿಮೆ ಬೇಡ. ಎರಡಡಿ ಅಗಲದಲ್ಲಿ ಎರಡೂ ಬದಿ 2 ಇಂಚು ಬಿಟ್ಟರೆ 20 ಇಂಚು ಉಳಿಯಿತು, ಒಂದು ಸಾಲಿಗೆ ಹನ್ನೆರಡು ಹದಿಮೂರು ಅಕ್ಷರ. ಒಕ್ಕದ ಹೆಸರು ಮೇಲಿನ ಸಾಲಿಗೆ, ಅವರ ಹೆಸರು ಕೆಳಗಿನ ಸಾಲಿಗೆ ಹೋಗಲಿ.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಫಾಂಟ್ ಬದಲಾದರೆ ಒತ್ತಕ್ಷರ ಕಳಚುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ. ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿದ ಪಿಡಿಎಫ್ ಕೊಡಿ. ನಿಜ ಅಳತೆಯ ಕಾಗದದ ಪ್ರತಿ ತೆಗೆಸಿ ಗೋಡೆಗೆ ಅಂಟಿಸಿ, ಮನೆಯ ಹಿರಿಯರೊಬ್ಬರಿಂದ ಅಕ್ಷರ ಅಕ್ಷರ ಓದಿಸಿ ಸಹಿ ಹಾಕಿಸಿ. ಮರಳು ಊದುವ ದಿನ ಒಬ್ಬರು ಅಲ್ಲೇ ಇದ್ದು ರಬ್ಬರ್ ಹಾಳೆಯನ್ನು ಇನ್ನೊಮ್ಮೆ ನೋಡಬೇಕು.

ಬರಹದಲ್ಲಿ ಸೇವಾ ಸಂಖ್ಯೆ, ಹುದ್ದೆ, ಹೆಸರು, ಘಟಕ, ಹುಟ್ಟೂರು, ತೀರಿಕೊಂಡ ಸ್ಥಳ ಮತ್ತು ದಿನ ಇರಲಿ. ‘ಹುತಾತ್ಮ’, ‘ವೀರಯೋಧ’ ನಿಮ್ಮ ಇಷ್ಟ. ಜಾಗ ಸಾಲದೆ ಏನನ್ನಾದರೂ ಬಿಡಬೇಕಾಗಿ ಬಂದರೆ ವಿಶೇಷಣ ಬಿಡಿ, ಘಟಕವನ್ನು ಬಿಡಬೇಡಿ. ಉದ್ಘಾಟಕರ ಹೆಸರುಗಳನ್ನು ಸೈನಿಕನ ಹೆಸರಿಗಿಂತ ದೊಡ್ಡದಾಗಿ ಕೆತ್ತಿಸುವ ಚಾಳಿ ಎಲ್ಲೆಡೆ ಇದೆ. ಅದಕ್ಕೆ ಹಿಂಬದಿ ಇದೆಯಲ್ಲ!

ಚಿನ್ನದ ಬಣ್ಣ ತುಂಬಿಸಿದರೆ ಮೊದಲ ವರ್ಷ ಹೊಳೆಯುತ್ತದೆ. ಎರಡನೇ ಮಳೆಗಾಲದಲ್ಲಿ ಬಣ್ಣದ ಹಿಂದೆ ನೀರು ನಿಂತು ಸಿಪ್ಪೆ ಏಳುತ್ತದೆ. ಪಾಲಿಶ್ ಮಾಡಿದ ಕಪ್ಪು ಕಲ್ಲಿನಲ್ಲಿ ಕೊರೆದ ಭಾಗ ತಾನಾಗಿಯೇ ಬೂದುಬಿಳಿ ಕಾಣುವುದರಿಂದ ಬಣ್ಣವೇ ಬೇಕಿಲ್ಲ, ಖರ್ಚೂ ಉಳಿಯಿತು. ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಬರೀ ನೀರು, ಮೆತ್ತನೆಯ ನೈಲಾನ್ ಬ್ರಶ್ ಹಿಡಿದು ಉಜ್ಜಿ. ಆಸಿಡ್ ಹಾಕಿದರೆ ಕಲ್ಲಿನೊಳಗಿನ ಕಬ್ಬಿಣದಂಶ ಕಂದು ಕಲೆಯಾಗಿ ಹೊರಬರುತ್ತದೆ. ತಂತಿ ಬ್ರಶ್ಶಿನ ಚೂರುಗಳು ಸಂದಿಯಲ್ಲಿ ಕೂತು ತುಕ್ಕು ಹಿಡಿಯುತ್ತವೆ. ದೀಪ ಇಡುವುದಾದರೆ ಕಲ್ಲಿಗೆ ತಾಗಿಸದೆ ಒಂದಡಿ ಮುಂದೆ ಬೇರೆ ಚಪ್ಪಡಿ ಹಾಕಿಸಿ. ಎಣ್ಣೆ ಕುಡಿದ ಗ್ರಾನೈಟಿನ ಕಲೆ ಹೋಗುವುದು ಕಷ್ಟ.

ಅನಾವರಣದ ದಿನ ಕಲ್ಲಿಗೆ ರಾಷ್ಟ್ರಧ್ವಜ ಹೊದಿಸಬಹುದೇ? (ಕುಶಾಲನಗರ)

ಕೂಡದು. ಪ್ರತಿಮೆ, ಸ್ಮಾರಕಗಳಿಗೆ ಹೊದಿಕೆಯಾಗಿ ಧ್ವಜ ಬಳಸುವುದನ್ನು ಧ್ವಜ ಸಂಹಿತೆ ತಡೆಯುತ್ತದೆ. ಕಲ್ಲಿಗೆ ಬಿಳಿ ಬಟ್ಟೆ ಹೊದಿಸಿ, ಧ್ವಜವನ್ನು ಬೇರೆ ಕಂಬದಲ್ಲಿ ಹಾರಿಸಿ. ಅಂತ್ಯಕ್ರಿಯೆಯಲ್ಲಿ ಪೆಟ್ಟಿಗೆಗೆ ಹೊದಿಸಿದ ಧ್ವಜದ ಕೇಸರಿ ತಲೆಯ ಕಡೆಗೆ ಇರುತ್ತದೆ, ಅದನ್ನು ಸುಡುವುದೂ ಇಲ್ಲ, ಹೂಳುವುದೂ ಇಲ್ಲ. ಮನೆಯವರ ಕೈಗೆ ಕೊಟ್ಟ ಆ ಧ್ವಜವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಕೊಡಗಿನ ಥಂಡಿಗೆ ಬೂಷ್ಟು ತರುತ್ತದೆ.

ಹಳೆಯ ಪದಕಗಳು ಕಪ್ಪಾಗಿವೆ. ಹೊಳಪು ಕೊಡಿಸಿ ಚೌಕಟ್ಟು ಹಾಕಿಸೋಣವೇ? ಸ್ಮರಣೆ ದಿನ ಮಗ ಧರಿಸಬಹುದೇ? (ಸೋಮವಾರಪೇಟೆ)

ಬ್ರಾಸೋ ಪಾಲಿಶ್ ಮುಟ್ಟಿಸಬೇಡಿ. ಮೊದಲ ಮಹಾಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಡೆ ಒತ್ತಿರುತ್ತಾರೆ. ಪದಕಕ್ಕೆ ಬೆಲೆ ಇರುವುದೇ ಆ ಒಂದು ಸಾಲಿನಿಂದ. ವರ್ಷ ವರ್ಷ ಉಜ್ಜಿದರೆ ಮೊದಲು ಸವೆಯುವುದೂ ಅದೇ. ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ಧೂಳು ಒರೆಸಿ, ಕಪ್ಪನ್ನು ಹಾಗೇ ಬಿಡಿ. ಚೌಕಟ್ಟಿಗೆ ಕಟ್ಟುವ ಮೊದಲು ಅಂಚನ್ನು ಓರೆ ಬೆಳಕಿನಲ್ಲಿ ಫೋಟೋ ತೆಗೆದು ಓದಿಟ್ಟುಕೊಳ್ಳಿ. ಕಟ್ಟಿಸಿದ ಮೇಲೆ ಅದು ಕಾಣುವುದಿಲ್ಲ. ಸುಮಾರು 12 ಸೆಂ.ಮೀ. ಅಗಲದ ಕಂಚಿನ ಬಿಲ್ಲೆಯೊಂದು ಪೆಟ್ಟಿಗೆಯಲ್ಲಿದ್ದರೆ ಅದು ಪದಕವಲ್ಲ. ಮೊದಲ ಯುದ್ಧದಲ್ಲಿ ಸತ್ತವರ ಮನೆಗೆ ಕಳಿಸಿದ ಸ್ಮರಣ ಫಲಕ ಅದು. ಅದರ ಮೇಲೆ ಹೆಸರು ಮಾತ್ರ ಇರುತ್ತದೆ, ಹುದ್ದೆಯನ್ನು ಬೇಕೆಂದೇ ಹಾಕಿಲ್ಲ.

ಮಗ ಧರಿಸಬಹುದು, ಶ್ರದ್ಧಾಂಜಲಿ ಸಮಾರಂಭದಲ್ಲಿ, ಎದೆಯ ಬಲಗಡೆ. ಎಡಗಡೆ ಗಳಿಸಿದವರಿಗೆ.

ವಿಶ್ವಸಂಸ್ಥೆಯ ಕೆಲಸದಲ್ಲಿ ಸತ್ತ ಕೊಡಗಿನವರು ಯಾರಾದರೂ ಇದ್ದಾರೆಯೇ? ಶಾಲಾ ಯೋಜನೆಗೆ ಬೇಕು. (ಮಡಿಕೇರಿ)

ನಿಮ್ಮೂರಲ್ಲೇ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗ 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ಹೊರಡಿಸಿತು. ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯ, ಯೋಜನೆಗೆ ಅಲ್ಲಿಂದಲೇ ಶುರು ಮಾಡಿ. ಶಾಂತಿಪಾಲಕರ ದಿನ ಮೇ 29. ಸೇವೆಯಲ್ಲಿ ಮಡಿದವರಿಗೆ ಕೊಡುವ ಡಾಗ್ ಹಾಮರ್‌ಶೋಲ್ಡ್ ಪದಕ 1997ರಲ್ಲಿ ಶುರುವಾಯಿತು. ಎದೆಗೆ ಚುಚ್ಚುವಂಥದ್ದಲ್ಲ, ಮೊಟ್ಟೆಯಾಕಾರದ ಸ್ಫಟಿಕದ ಗಾಜು, ಮೇಲೆ ಹೆಸರು ಮತ್ತು ತೀರಿಕೊಂಡ ದಿನ.

ಸ್ಮರಣೆಯ ದಿನ ಜೋಡಿ ಗುಂಡು ಹಾರಿಸಬೇಕೆಂದು ಕೆಲವರು, ಬೇಡವೆಂದು ಕೆಲವರು. ನಿಮ್ಮ ಅಭಿಪ್ರಾಯ? (ವಿರಾಜಪೇಟೆ)

ಜೋಡಿ ಗುಂಡು ಸಾವನ್ನು ಊರಿಗೆ ಸಾರುವುದಕ್ಕೆ. ಸಾರಿ ಆದ ಮೇಲೆ ವರ್ಷ ವರ್ಷ ಸಾರಬೇಕಿಲ್ಲ. ಕೊಡವರ ಕೋವಿಗೆ ಪರವಾನಗಿ ವಿನಾಯಿತಿ ಇದೆ ನಿಜ, ಜನ ಸೇರಿದ ಕಡೆ ಅಜಾಗರೂಕತೆಯಿಂದ ಗುಂಡು ಹಾರಿಸಲು ವಿನಾಯಿತಿ ಇಲ್ಲ. ಬ್ಯೂಗಲ್‌ನವರು ಬೇಕಿದ್ದರೆ ಸೈನಿಕ ಕಲ್ಯಾಣ ಕಚೇರಿಗೆ ಒಂದು ತಿಂಗಳು ಮೊದಲೇ ಬರೆದು ಕೊಡಿ. ಮೊಬೈಲಿನಿಂದ ‘ಲಾಸ್ಟ್ ಪೋಸ್ಟ್’ ಹಾಕುವುದಾದರೆ ಜಾಹೀರಾತು ಬಾರದಂತೆ ಮೊದಲೇ ಇಳಿಸಿಟ್ಟುಕೊಳ್ಳಿ.

ಯಾವ ದಿನ ಸ್ಮರಿಸುವುದು? ತಂತಿ ಬಂದ ದಿನವನ್ನೇ ಮನೆಯಲ್ಲಿ ಇಷ್ಟು ವರ್ಷ ಆಚರಿಸಿದ್ದೇವೆ, ದಾಖಲೆಯಲ್ಲಿ ಏಳು ವಾರ ಹಿಂದಿನ ದಿನವಿದೆ. (ಬಾಳೆಲೆ)

ತಂತಿ ಅಷ್ಟು ತಡವಾಗಿ ಬರುವುದು ಆಗ ಅಪರೂಪವಾಗಿರಲಿಲ್ಲ. ಮೊದಲು ‘ಕಾಣೆ’ ಎಂದು, ತಿಂಗಳುಗಟ್ಟಲೆ ಕಾದು ‘ಸತ್ತಿದ್ದಾರೆಂದು ಭಾವಿಸಲಾಗಿದೆ’ ಎಂದು ಕಳಿಸಿದ್ದೂ ಉಂಟು. 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಸೆರೆಯಾಗಿ ನ್ಯೂಗಿನಿಯ ಕಡೆಗೆ ಸಾಗಿಸಲ್ಪಟ್ಟವರ ವಿಷಯದಲ್ಲಂತೂ ದಾಖಲೆಯ ದಿನವೂ ಅಂದಾಜಿನದೇ ಆಗಿರಬಹುದು. ಕಲ್ಲಿನ ಮೇಲೆ ದಾಖಲೆಯ ದಿನವನ್ನೇ ಹಾಕಿ. ಮನೆಯಲ್ಲಿ ಹಿರಿಯರು ನಡೆಸಿಕೊಂಡು ಬಂದ ದಿನವನ್ನು ಬದಲಿಸಬೇಕಿಲ್ಲ. ಕಾರಣಂಗ್ ಕೊಡುವಾಗ (ಹಿರಿಯರಿಗೆ ಎಡೆ ಇಡುವಾಗ) ಅವರಿಗೂ ಒಂದು ಎಲೆ ಇಟ್ಟಿರುತ್ತೀರಿ, ಅದು ತಾರೀಕು ನೋಡಿ ಇಟ್ಟದ್ದಲ್ಲ.

ಆ ತಂತಿ ಕಾಗದ ಇನ್ನೂ ಇದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ, ಶಾಖಕ್ಕೆ ಹಳೆಯ ಕಾಗದ ಕಂದಾಗುತ್ತದೆ, ಆಮೇಲೆ ಬಿಡಿಸಲೂ ಬರುವುದಿಲ್ಲ. ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಹಿಂಬದಿಯ ಅಂಚೆ ಮುದ್ರೆಯಲ್ಲಿ ಯಾವ ಅಂಚೆ ಕಚೇರಿಗೆ ಯಾವ ದಿನ ಬಂತು ಎಂಬುದಿರುತ್ತದೆ, ಏಳು ವಾರದ ಲೆಕ್ಕಕ್ಕೆ ಅದು ಬೇಕು.